ಏಳು ಬೇರೆ, ಸೊನ್ನೆ ಏಳು ಬೇರೆ

ಕೋಲ್ಡ್ ಸ್ಟೋರೇಜಿನ ಒಳಬಾಗಿಲ ಪಕ್ಕದಲ್ಲಿ ಒಂದು ಕಿರುಕೋಣೆ. ಮೂರು ಗೋಡೆಗೆ ಗೂಟಗಳು, ಗೂಟಕ್ಕೊಂದು ದಪ್ಪ ಕೋಟು. ನಾಲ್ಕನೆಯ ಗೋಡೆಗೆ ಮೊಳೆ ಹೊಡೆದ ಮರದ ಹಲಗೆ. ಹಲಗೆಯ ಎದುರಿಗೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವವಳು ಬಿಲ್ಲೆಯಮ್ಮ. ತಾಯಿತಂದೆ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಉಳಿದಿದೆ, ಜನರ ಬಾಯಲ್ಲಿ ಉಳಿದಿಲ್ಲ.

ಅವಳ ಕೆಲಸ ಹೇಳುವುದಕ್ಕೆ ಸುಲಭ. ತಣ್ಣನೆಯ ಕೋಣೆಗೆ ಹೋಗುವವನು ತನ್ನ ಕೋಟು ಹಾಕಿಕೊಳ್ಳುತ್ತಾನೆ, ಕೊರಳಪಟ್ಟಿಯಲ್ಲಿ ನೇತಾಡುವ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಅವಳ ಕೈಗೆ ಕೊಡುತ್ತಾನೆ. ಅವಳು ಅದನ್ನು ಹಲಗೆಯ ಮೊಳೆಗೆ ಹಾಕುತ್ತಾಳೆ. ಅವನು ಹೊರಗೆ ಬಂದು ಕೋಟು ಕಳಚಿದ ಮೇಲೆ ಬಿಲ್ಲೆ ಮತ್ತೆ ಕೊರಳಪಟ್ಟಿಗೆ. ಹಲಗೆ ಬರಿದಾದರೆ ಒಳಗೆ ಯಾರೂ ಇಲ್ಲ. ಒಂದು ಬಿಲ್ಲೆ ಉಳಿದಿದ್ದರೆ ಒಬ್ಬ ಮನುಷ್ಯ ಉಳಿದಿದ್ದಾನೆ. ಅಷ್ಟೇ. ಆದರೆ ಆ ಅಷ್ಟೇ ಎನ್ನುವುದನ್ನು ಬಿಟ್ಟು ಏಳುವ ಹಾಗಿಲ್ಲ. ಆದ್ದರಿಂದಲೇ ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಬಾಗಿಲು ತೆರೆದಾಗ ಕಾಲಿನ ಮೇಲೆ ಹರಿಯುವ ಬಿಳಿ ಹೊಗೆ, ಹೊರಗೆ ಬರುವವರ ಮೀಸೆಯ ಮೇಲಿನ ಹಿಮದ ಹುಡಿ, ಇಷ್ಟೇ ಅವಳು ಕಂಡದ್ದು. "ಒಳಗೆ ಹೆಂಗಿರುತ್ತೆ?" ಎಂದು ಯಾರನ್ನು ಕೇಳಿದರೂ "ತಣ್ಣಗಿರುತ್ತೆ" ಎನ್ನುತ್ತಿದ್ದರು. ಅದನ್ನು ತಿಳಿಯುವುದಕ್ಕೆ ಅವರನ್ನು ಕೇಳಬೇಕಿತ್ತೇ?

ಬಿಲ್ಲೆಗಳ ಮೇಲೆ ನಂಬರು. ಬೆಳಗಿನ ಪಾಳಿಗೆ ಒಂದರಿಂದ ಇಪ್ಪತ್ತೇಳು. ಮಧ್ಯಾಹ್ನದ ಪಾಳಿಗೂ ಇಪ್ಪತ್ತೇಳು ಜನ, ಆದರೆ ಅವರ ನಂಬರಿನ ಮುಂದೆ ಒಂದು ಸೊನ್ನೆ. ಎರಡು ಪಾಳಿಯೂ ಒಳಗೆ ಕೂಡುವ ಅರ್ಧ ಗಂಟೆಯಲ್ಲಿ ಹಲಗೆಯ ಮೇಲೆ ೭ ಕೂಡ ಇರುತ್ತಿತ್ತು, ೦೭ ಕೂಡ.

ಹತ್ತು ವರ್ಷದ ಹಿಂದೆ ಅವಳು ಜ್ವರ ಬಂದು ಒಂದು ದಿನ ಮಲಗಿದಳು. ಅವಳ ಕುರ್ಚಿಗೆ ಆಫೀಸಿನಿಂದ ಹೊಸ ಗುಮಾಸ್ತ ಬಂದ. ಓದಿದವನು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಹಲಗೆ ಯಾಕೆ, ಪುಸ್ತಕ ಸಾಕು ಎಂದು ಒಳಗೆ ಹೋದವರನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ. ಮುಂದಿನ ಸೊನ್ನೆಗಳನ್ನು ಬಿಟ್ಟು ಬರೆದ. ಬೆಳಗಿನ ಏಳನೆಯವನು ಹೊರಗೆ ಬಂದಾಗ ಪುಸ್ತಕದಲ್ಲಿ ಎರಡು ಏಳು ಕಂಡಿತು. ಕೈತಪ್ಪಿ ಎರಡು ಸಲ ಬರೆದೆ ಅಂದುಕೊಂಡು ಎರಡನ್ನೂ ಹೊಡೆದುಹಾಕಿದ. ಆ ಹೊತ್ತಿಗೆ ಸೊನ್ನೆ ಏಳು ಬಾಗಿಲ ಹಿಡಿ ಹೆಪ್ಪುಗಟ್ಟಿ ಒಳಗೇ ಸಿಕ್ಕಿಕೊಂಡಿದ್ದ. ಮೂವತ್ತೈದು ನಿಮಿಷ. ಮಿಕ್ಕವರೆಲ್ಲ ಹೊರಗೆ ಬಂದ ಮೇಲೂ ಗೂಟದ ಮೇಲೆ ಒಂದು ಕೋಟು ಕಡಿಮೆಯಿದೆ ಎಂದು ಯಾರೋ ಕಂಡದ್ದರಿಂದ ಬದುಕಿದ. ಎಡಗೈಯ ಎರಡು ಬೆರಳ ತುದಿಗೆ ಇವತ್ತಿಗೂ ಬಿಸಿ ತಂಪು ತಿಳಿಯುವುದಿಲ್ಲ.

ಮರುದಿನ ಗುಮಾಸ್ತ, "ಮುಂದಿರೋ ಸೊನ್ನೆಗೆ ಬೆಲೆ ಇಲ್ಲ ಅಂತ ಒಂದನೇ ಕ್ಲಾಸಲ್ಲೇ ಹೇಳಿಕೊಡ್ತಾರಲ್ಲಮ್ಮ" ಎಂದ.

"ನಾನು ಎರಡನೇ ಕ್ಲಾಸಿಗೆ ಬಿಟ್ಟವಳು, ಸ್ವಾಮಿ. ನಂಗೆ ಏಳು ಬೇರೆ, ಸೊನ್ನೆ ಏಳು ಬೇರೆ. ನಿಮ್ಮ ಬೆಲೆ ಇಲ್ಲದ ಸೊನ್ನೆಗೆ ಮನೇಲಿ ಇಬ್ಬರು ಮಕ್ಕಳಿದಾರೆ" ಎಂದಳು ಬಿಲ್ಲೆಯಮ್ಮ.

ಅಂದಿನಿಂದ ಆ ಮನುಷ್ಯನಿಗೆ ಸೊನ್ನೇಳಣ್ಣ ಎಂದೇ ಹೆಸರು ನಿಂತಿತು. ಅವಳ ಮಾತೂ ಗಾದೆಯಾಯಿತು. ಯಾರಾದರೂ ಹೇಗಾದರೂ ಆಗಲಿ ಎಂದು ಕೆಲಸ ಮುಗಿಸಲು ಹೊರಟರೆ, "ಏಳು ಬೇರೆ, ಸೊನ್ನೆ ಏಳು ಬೇರೆ" ಎನ್ನುವರು.

ಈ ವರ್ಷ ಏಳನೆಯ ಕೋಣೆ ಕಟ್ಟಿ ಮುಗಿಯಿತು. ಹಳೆಯ ಆರಕ್ಕಿಂತ ದೊಡ್ಡದು, ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಬಾಗಿಲಿನಿಂದ ಹಿಂದಿನ ಗೋಡೆಗೆ ತೊಂಬತ್ತು ಹೆಜ್ಜೆ. ಒಳಗೆ ಹೋದ ಪ್ರತಿಯೊಬ್ಬನೂ ನಿಂತಲ್ಲಿಂದಲೇ ಹೊರಗಿನವರ ಜೊತೆ ಮಾತಾಡುವಂತಿರಬೇಕು, ಇಲ್ಲವಾದರೆ ಬಾಗಿಲು ತೆಗೆಯುವ ಹಾಗಿಲ್ಲ ಎಂದು ತಪಾಸಣೆಯವರು ಬರೆದುಕೊಟ್ಟರು. ಗೋಡೆಯ ಎರಡು ಬದಿಗೂ ತಗಡು, ನಡುವೆ ಥರ್ಮಾಕೋಲಿನಂಥ ದಪ್ಪ ನೊರೆಹಲಗೆ. ಮೊಬೈಲು ಒಳಗೆ ಹೋದ ಕೂಡಲೇ ಮೂಕ. ಆದ್ದರಿಂದ ಕಂಪನಿಯ ಆವರಣಕ್ಕಷ್ಟೇ ಒಂದು ಸ್ವಂತ ಫೋನು ಜಾಲ ಹಾಕಿಸುವುದೆಂದು ತೀರ್ಮಾನವಾಯಿತು. ಪರವಾನಗಿ ಬಂತು. ಕೆಲಸ ಹಿಡಿದವಳು ಬಿಲ್ಲೆಯಮ್ಮನ ತಂಗಿಯ ಮಗಳು. ಅವಳೂ ಅವಳ ಜೊತೆಗಾರನೊಬ್ಬನೂ ಸೇರಿ ಹೊಸದಾಗಿ ಕಟ್ಟಿದ ಪುಟ್ಟ ಸಂಸ್ಥೆ. ಇದು ಅವರ ಮೊದಲ ಕೆಲಸ. ಸೋಮವಾರ ತಪಾಸಣೆ. ಅವತ್ತು ಐವತ್ತನಾಲ್ಕು ಜನರ ಕೈಯಲ್ಲಿ ಐವತ್ತನಾಲ್ಕು ಫೋನು ಮಾತಾಡದಿದ್ದರೆ ಕೆಲಸ ಬೇರೆಯವರಿಗೆ. ಮೊದಲ ಕೆಲಸ ಕೈಬಿಟ್ಟುಹೋದವರಿಗೆ ಎರಡನೆಯದನ್ನು ಯಾರು ಕೊಡುತ್ತಾರೆ?

ಮಗಳು ಬೇರೆ ಜಾಗ ಸಿಗದೆ ಕೋಟಿನ ಕೋಣೆಯಲ್ಲೇ ಒಂದು ಮೇಜು ಹಾಕಿಕೊಂಡಳು. ಬಿಲ್ಲೆಯಮ್ಮನಿಗೆ ಹಬ್ಬ. ಹಲಗೆಯ ಮೇಲೆ ಒಂದು ಕಣ್ಣು, ಮೇಜಿನ ಮೇಲೆ ಒಂದು ಕಣ್ಣು.

ಮೊದಲು ಬಂದದ್ದು ಎರಡು ಡಬ್ಬ. ಒಂದು ಸೂಟ್‌ಕೇಸಿನಷ್ಟು ದಪ್ಪ, ಇನ್ನೊಂದು ಊಟದ ತಟ್ಟೆಯಷ್ಟು ಚಪ್ಪಟೆ.

"ಇದೇ ಏನೇ ಟವರು? ನಾನು ತೆಂಗಿನಮರದಷ್ಟು ಎತ್ತರ ಇರುತ್ತೆ ಅಂದ್ಕೊಂಡಿದ್ದೆ."

"ಊರಿಗೆಲ್ಲ ಕೂಗಬೇಕಾದ್ರೆ ಎತ್ತರ ಬೇಕು ದೊಡ್ಡಮ್ಮ. ಒಂದು ಕೋಣೆಯೊಳಗೆ ಪಿಸುಗುಟ್ಟೋಕೆ ಇಷ್ಟು ಸಾಕು. ದಪ್ಪಂದು ಚಳಿ ತಡೆಯುತ್ತೆ, ಒಳಗೇ ಹಾಕಬಹುದು. ಚಪ್ಪಟೆದು ಚಳಿ ತಡೆಯಲ್ಲ. ದಪ್ಪಂದೇ ಸರಿ ಅನ್ಸುತ್ತೆ."

ಬಿಲ್ಲೆಯಮ್ಮ ದಪ್ಪ ಡಬ್ಬವನ್ನು ಬೆರಳಿನಿಂದ ತಟ್ಟಿ ನೋಡಿದಳು. "ಒಳಗೆ ನೇತುಹಾಕಿದ ಗಡಿಯಾರ ಒಂದೂ ವರ್ಷ ನಡೆದಿಲ್ಲ ಕಣೇ. ಎಲ್ಲವೂ ಚಳಿ ತಡೆಯುತ್ತೆ ಅಂತ ಹೇಳಿಯೇ ತಂದದ್ದು. ಕೆಟ್ಟಾಗ ಅಲ್ಲೇ ಏಣಿ ಹತ್ತಿ, ಕೈಗವಸು ಕಳಚಿ, ತಿರುಪು ಬಿಚ್ಚೋರು ಯಾರು? ಇದರ ತಲೆ ಹೊರಗಿರಲಿ, ಕಿವಿ ಮಾತ್ರ ಒಳಗಿರೋ ಹಾಗೆ ಮಾಡಕ್ಕಾಗಲ್ವಾ?"

ಮಗಳು ಪೆನ್ನು ಕಚ್ಚಿಕೊಂಡು ಅವಳನ್ನೇ ನೋಡಿದಳು. ಉಷ್ಣಮಾಪಕದ ತಂತಿ ಹೋಗುವ ತೂತು ಗೋಡೆಯಲ್ಲಿ ಮೊದಲೇ ಇತ್ತು. ಚಪ್ಪಟೆ ಡಬ್ಬ ಹೊರಗಿನ ಓಣಿಯಲ್ಲಿ ಬೆಚ್ಚಗೆ ಕೂತಿತು. ಅದರ ಕೇಬಲ್ ಆ ತೂತಿನಿಂದ ಒಳಗೆ ಹೋಯಿತು. ಒಳಗೆ ಎರಡು ಆಂಟೆನಾ ಮಾತ್ರ. ದಪ್ಪ ಡಬ್ಬ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಯಿತು.

ಆಮೇಲೆ ಫೋನು. ಮೂರು ಬಗೆಯವನ್ನು ಸೊನ್ನೇಳಣ್ಣನ ಜೇಬಿನಲ್ಲಿಟ್ಟು ಹಳೆಯ ಆರನೆಯ ಕೋಣೆಗೆ ಕಳಿಸಿದರು. ಗಾಜು ಒತ್ತುವ ಫೋನು ಇಪ್ಪತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ಅದಕ್ಕೂ ಮೊದಲು, ದಪ್ಪ ಕೈಗವಸಿನ ಬೆರಳನ್ನು ಅದು ತಿರುಗಿಯೂ ನೋಡಿರಲಿಲ್ಲ. ಎರಡನೆಯದರ ಗುಂಡಿಗಳು ಚಿಕ್ಕವು, ಒಂದು ಒತ್ತಿದರೆ ಮೂರು ಒತ್ತುತ್ತಿತ್ತು. ಮೂರನೆಯದು ಕಣ್ಣು ಮಂಜಾದವರಿಗೆಂದು ಮಾಡಿದ ದೊಡ್ಡ ಗುಂಡಿಯ ಫೋನು.

"ಇದೇ ಆಗೋದು. ಇನ್ನೇನು, ಮೂವತ್ತೈದಕ್ಕೇ ಮುದುಕರ ಫೋನ್ ಹಿಡಿಸಿಬಿಟ್ರಿ" ಎಂದ ಸೊನ್ನೇಳಣ್ಣ.

"ಮೂವತ್ತೈದಾ? ಹತ್ತು ವರ್ಷದಿಂದ ಅದನ್ನೇ ಹೇಳ್ತಿದೀಯ. ನಿನ್ನ ವಯಸ್ಸೂ ಒಳಗೇ ಹೆಪ್ಪುಗಟ್ಟಿದೆ" ಎಂದಳು ಬಿಲ್ಲೆಯಮ್ಮ. ಹೊರಗೆ ಬಂದ ಫೋನಿನ ಮೈಯೆಲ್ಲ ಬೆವರಿದ್ದನ್ನು ಅವಳೇ ಮೊದಲು ಕಂಡದ್ದು. ಕೈಗಡಿಯಾರಗಳು ಹೀಗೇ ಸಾಯುತ್ತವೆ, ಚಳಿಗೆ ಅಲ್ಲ, ಹೊರಗೆ ಬಂದು ಬೆವರಿದ್ದಕ್ಕೆ. ಆದ್ದರಿಂದ ಫೋನನ್ನು ಒಳಗೇ ಒಂದು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅಷ್ಟು ಚಳಿಯಿಲ್ಲದ ನಡುವಿನ ಕೋಣೆಯಲ್ಲಿ ಹತ್ತು ನಿಮಿಷ ಬಿಟ್ಟು ಆಮೇಲೆ ತೆಗೆಯಬೇಕು ಎಂದಳು. ಮಗಳು ಅದನ್ನೂ ಬರೆದುಕೊಂಡಳು.

ಬುಧವಾರ ಸಿಮ್ ಕಾರ್ಡುಗಳು ಬಂದವು. ಅರವತ್ತು. ದೂರದಿಂದ ಬರಬೇಕು, ಮತ್ತೆ ತರಿಸಿದರೆ ಮೂರು ವಾರ. ಐವತ್ತನಾಲ್ಕು ಬೇಕು, ಆರು ಹೆಚ್ಚುವರಿ.

"ಇದರಲ್ಲಿ ಏನು ಬರೀತೀಯ? ನಂಗೆ ಕಾಣ್ತಿರೋದು ಚಿನ್ನದ ಬಣ್ಣದ ಉಗುರು ಒಂದೇ."

"ಮೂರು ಬರೀತೀನಿ. ಒಂದು, ಇದು ಯಾವ ಜಾಲದ್ದು ಅಂತ. ಇನ್ನೊಂದು, ಇದರದೇ ನಂಬರು, ನಿನ್ನ ಬಿಲ್ಲೆ ಇದ್ದ ಹಾಗೆ. ಮೂರನೇದು ಒಂದು ಗುಟ್ಟು. ಅದೇ ಗುಟ್ಟು ನನ್ನ ಕಂಪ್ಯೂಟರಲ್ಲೂ ಇರುತ್ತೆ. ಎರಡೂ ಒಂದೇ ಆದ್ರೆ ಒಳಗೆ ಬಿಡುತ್ತೆ."

"ಹಾಗಾದ್ರೆ ಕಾರ್ಡು ಪ್ರತಿಸಲ ಗುಟ್ಟು ಕೂಗಿ ಹೇಳುತ್ತಾ? ಗಾಳೀಲಿ ಯಾರಾದ್ರೂ ಕೇಳಿಸಿಕೊಂಡ್ರೆ?"

ಮಗಳು ನಕ್ಕಳು. "ಇದನ್ನ ನಿಮ್ಮ ಮ್ಯಾನೇಜರೂ ಕೇಳಲಿಲ್ಲ. ಗುಟ್ಟು ಹೇಳಲ್ಲ ದೊಡ್ಡಮ್ಮ. ಈಗ ನಿಂಗೂ ಅಮ್ಮಂಗೂ ಮಾತ್ರ ಗೊತ್ತಿರೋ ಒಂದು ಹೆಣಿಗೆ ಇದೆ ಅಂದ್ಕೋ. ಬಾಗಿಲಾಚೆ ಇರೋಳು ಅಮ್ಮನೇ ಹೌದೋ ಅಲ್ಲವೋ ತಿಳೀಬೇಕು. ನೀನು ಹದಿನೇಳು ಸಾಲು ಹಾಕು ಅಂತೀಯ. ನೀನೂ ಇಲ್ಲಿ ಹದಿನೇಳು ಸಾಲು ಹಾಕ್ತೀಯ. ಅವಳು ಹಾಕಿದ್ದು ನಿಂದಕ್ಕೆ ಸರಿಹೊಂದಿದ್ರೆ ಅಮ್ಮನೇ. ನಾಳೆ ಇಪ್ಪತ್ತೊಂದು ಸಾಲು ಅಂತೀಯ. ಹೆಣಿಗೆ ಹೇಗೆ ಅಂತ ಇಬ್ಬರೂ ಬಾಯಿಬಿಡಲ್ಲ."

ಬಿಲ್ಲೆಯಮ್ಮ ಮಡಿಲಲ್ಲಿದ್ದ ಉಣ್ಣೆಯನ್ನು ಒಮ್ಮೆ ನೋಡಿಕೊಂಡಳು. "ಚೆನ್ನಾಗಿದೆ. ಆದ್ರೆ ಹೆಣೆದದ್ದು ಯಾರ ಕೈಗಾದ್ರೂ ಸಿಕ್ರೆ ಬಿಚ್ಚಿ ನೋಡಿ ಕಲೀಬಹುದಲ್ಲ? ನಿಮ್ಮಮ್ಮ ನನ್ನ ಶಾಲು ಹಾಗೇ ಕದ್ದದ್ದು."

"ಇದನ್ನ ಬಿಚ್ಚಕ್ಕಾಗಲ್ಲ. ಹೆಣೆಯೋ ದಾರಿ ಮಾತ್ರ ಇದೆ, ಬಿಚ್ಚೋ ದಾರಿ ಇಲ್ಲ."

ಬಿಚ್ಚುವ ದಾರಿಯಿಲ್ಲದ ಹೆಣಿಗೆ! ಆ ದಿನವೆಲ್ಲ ಬಿಲ್ಲೆಯಮ್ಮ ಅದನ್ನೇ ತಲೆಯಲ್ಲಿ ತಿರುವಿ ತಿರುವಿ ನೋಡಿದಳು.

ಕಾರ್ಡಿನೊಳಗೆ ಬರೆಯಬೇಕಾದರೆ ಮೊದಲು ಅದರ ಬೀಗ ತೆಗೆಯಬೇಕು. ಕಾರ್ಡಿಗೊಂದು ಎಂಟಂಕಿಯ ಬೀಗದ ನಂಬರು. ಆ ಪಟ್ಟಿಯನ್ನು ಕಾರ್ಡು ಮಾಡಿದವರು ಮಗಳ ಜೊತೆಗಾರನಿಗೆ ಕಳಿಸಿದ್ದರು, ಅವನು ಅದನ್ನು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ತೆರೆದು ಅಚ್ಚುಕಟ್ಟು ಮಾಡಿ ಇವಳಿಗೆ ಕಳಿಸಿದ್ದ. ಮೂರು ಸಲ ತಪ್ಪು ನಂಬರು ಕೊಟ್ಟರೆ ಕಾರ್ಡು ಶಾಶ್ವತವಾಗಿ ಬಾಯಿ ಮುಚ್ಚುತ್ತದೆ. ಆಮೇಲೆ ದೇವರು ಬಂದರೂ ತೆರೆಯುವುದಿಲ್ಲ.

ಗುರುವಾರ ಬೆಳಿಗ್ಗೆ ಮಗಳು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರಕ್ಕೆ ಒಂದೊಂದೇ ಕಾರ್ಡು ತೂರಿಸಿ ಬರೆಯತೊಡಗಿದಳು. ಬರೆದದ್ದನ್ನು ಬಿಲ್ಲೆಯಮ್ಮ ತೆಗೆದುಕೊಂಡು, ಬಿಲ್ಲೆಯದೇ ನಂಬರಿನ ಚೀಟಿ ಅಂಟಿಸಿ, ಫೋನಿಗೆ ಹಾಕಿ ಸಾಲಾಗಿ ಇಡುತ್ತಿದ್ದಳು. ಆರನೆಯ ಕಾರ್ಡು ಬೀಗ ತೆಗೆಯಲಿಲ್ಲ. ಉಗುರಿಗೆ ಧೂಳು ಕೂತಿರಬೇಕೆಂದು ಮಗಳು ಒರೆಸಿ ಮತ್ತೆ ಹಾಕಿದಳು. ಆಗಲಿಲ್ಲ. ಇನ್ನೊಮ್ಮೆ. ಸತ್ತಿತು. ಸಾವಿರದಲ್ಲಿ ಒಂದು ಕೆಟ್ಟದ್ದು ಇರುತ್ತದೆ ಎಂದು ಮುಂದೆ ಹೋದಳು. ಹದಿಮೂರನೆಯದೂ ಹಾಗೇ. ಯಂತ್ರ ಬದಲಿಸಿದಳು. ಇಪ್ಪತ್ತೆರಡನೆಯದು ಹೊಸ ಯಂತ್ರದಲ್ಲಿ ಸತ್ತಿತು. ಮೂವತ್ತೊಂದು. ನಲವತ್ತು.

ಮಗಳು ಕೈ ಎತ್ತಿ ಕೂತಳು. ಮೂವತ್ತೈದು ಒಳ್ಳೆಯವು, ಐದು ಸತ್ತವು, ಇಪ್ಪತ್ತು ಬಾಕಿ. ಇನ್ನು ಒಂದು ಸತ್ತರೆ ತಡೆದೀತು. ಎರಡು ಸತ್ತರೆ ಐವತ್ತನಾಲ್ಕು ಆಗುವುದಿಲ್ಲ. ಜೊತೆಗಾರನಿಗೆ ಫೋನು ಮಾಡಿದಳು. ಅವನು "ಕಾರ್ಡೇ ಕಳಪೆ ಇರಬೇಕು" ಎಂದ. ಇವಳು ಫೋನು ಮೇಜಿನ ಮೇಲೆ ಕವುಚಿ ಹಾಕಿದಳು.

"ಇನ್ನೊಂದು ಹಾಕಕ್ಕೂ ಭಯ ಆಗುತ್ತೆ ದೊಡ್ಡಮ್ಮ. ಮುಂದಿನದು ಯಾವುದು ಸಾಯುತ್ತೋ ಗೊತ್ತಿಲ್ಲ."

"ಹಾಗಾದ್ರೆ ಹಾಕಬೇಡ. ಗೊತ್ತಿಲ್ಲದಾಗ ಕೈ ಕಟ್ಟಿ ಕೂರೋದೂ ಕೆಲಸವೇ. ಎಲ್ಲಿ, ಆ ಪಟ್ಟಿ ಹಾಳೆ ಮೇಲೆ ತೆಗೆದುಕೊಡು. ಸತ್ತವರಿಗೆಲ್ಲ ಕೆಂಪು ಗೀಟು ಹಾಕು."

"ನಿಂಗ್ಯಾಕೆ? ಅದರಲ್ಲಿ ಬರೀ ಅಂಕಿ."

"ಅಕ್ಷರ ಆಗಿದ್ರೆ ನಂಗೆ ಬೇಡವಾಗಿತ್ತು."

ಹಾಳೆ ಬಂತು. ಬಿಲ್ಲೆಯಮ್ಮ ಕನ್ನಡಕ ಹಾಕಿ, ಮೇಲಿನಿಂದ ಕೆಳಕ್ಕೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲು ಓದಿದಳು. ಅವಳ ಓದು ಹಾಗೇ, ಎತ್ತಿನ ಗಾಡಿಯ ಓದು. ನಡುವೆ ಎರಡು ಕೋಟು ಬಂದವು, ಮೂರು ಹೋದವು, ಬಿಲ್ಲೆಗಳನ್ನು ಹಾಕಿ ತೆಗೆದು ಮತ್ತೆ ಬೆರಳಿಟ್ಟ ಸಾಲಿಗೇ ಬಂದಳು. ಹಾಳೆಯ ಕೊನೆ ಮುಟ್ಟಿದ ಮೇಲೆ ಓದುವುದನ್ನು ಬಿಟ್ಟು ಅದನ್ನು ದೂರ ಹಿಡಿದು ನೋಡಿದಳು. ಹೆಣೆದದ್ದನ್ನು ಬೆಳಕಿಗೆ ಹಿಡಿದು ತಪ್ಪಿದ ಕಣ್ಣು ಹುಡುಕುತ್ತಾರಲ್ಲ, ಹಾಗೆ.

"ಈ ಬೀಗದ ನಂಬರುಗಳು ಬಲಗಡೆ ಗೋಡೆ ಕಟ್ಟಿದ ಹಾಗೆ ನೆಟ್ಟಗಿವೆ. ಎಡಗಡೆ ಅಲ್ಲಲ್ಲಿ ಹಲ್ಲು ಬಿದ್ದಿದೆ. ಯಾಕೆ?"

"ಕೆಲವು ನಂಬರು ಚಿಕ್ಕದಿರುತ್ತೆ..." ಎಂದ ಮಗಳು ಮಾತು ಅಲ್ಲೇ ನಿಲ್ಲಿಸಿದಳು. "ಇಲ್ಲ. ಎಲ್ಲವೂ ಎಂಟೇ ಇರಬೇಕು."

"ಇಲ್ಲಿ ಏಳಿವೆ. ಇಲ್ಲೂ ಏಳು. ಹಲ್ಲು ಬಿದ್ದ ಸಾಲು ಯಾವ್ಯಾವುದು ಅಂತ ನೋಡು. ನಿನ್ನ ಕೆಂಪು ಗೀಟೆಲ್ಲ ಅಲ್ಲೇ ಇದೆ."

ಆರು, ಹದಿಮೂರು, ಇಪ್ಪತ್ತೆರಡು, ಮೂವತ್ತೊಂದು, ನಲವತ್ತು. ಮಗಳ ಬೆರಳು ಕೆಳಗಿಳಿಯಿತು. ಬಾಕಿ ಇಪ್ಪತ್ತರಲ್ಲಿ ಇನ್ನೂ ಮೂರು ಸಾಲಿಗೆ ಹಲ್ಲಿರಲಿಲ್ಲ. ಮೂರು.

"ಮುಂದಿದ್ದದ್ದು ಸೊನ್ನೆ ಇರಬೇಕು" ಎಂದಳು ಬಿಲ್ಲೆಯಮ್ಮ. "ಬೆಲೆ ಇಲ್ಲ ಅಂತ ನಿನ್ನ ಲೆಕ್ಕದ ಹಾಳೆ ನುಂಗಿಹಾಕಿದೆ. ಅದೂ ಆ ಗುಮಾಸ್ತನ ಸ್ಕೂಲಲ್ಲೇ ಓದಿರಬೇಕು."

ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. "ಸೊನ್ನೆ ಸೇರಿಸಿ ಈಗಲೇ ಹಾಕಿ ನೋಡ್ತೀನಿ!"

"ಕೂತ್ಕೋ. ಇರಬೇಕು ಅಂದೆ, ಇದೆ ಅಂದೆನಾ? ಅವರು ಮೊದಲು ಕಳಿಸಿದ್ದು ಎಲ್ಲಾದ್ರೂ ಹಾಗೇ ಇದೆಯಾ? ಅದನ್ನ ತರಿಸು. ಅದರಲ್ಲಿ ಕಣ್ಣಾರೆ ನೋಡಿದ ಮೇಲೆ ಹಾಕು. ಒಬ್ಬ ಮೂವತ್ತೈದು ನಿಮಿಷ ನಡುಗಿದ್ದು ಊಹೆ ಮೇಲೆ."

ಜೊತೆಗಾರ ಮೂಲ ಪಟ್ಟಿಯನ್ನು ಯಾವುದರಲ್ಲೂ ತೆರೆಯದೆ ಹಾಗೇ ಕಳಿಸಿದ. ಮಗಳು ಅದನ್ನು ಸಾದಾ ಅಕ್ಷರವಾಗಿಯೇ ತೆರೆದಳು. ಎಡಗಡೆಯೂ ಗೋಡೆ ಕಟ್ಟಿದ ಹಾಗೆ ನೆಟ್ಟಗಿತ್ತು. ಎಂಟು ಸಾಲಿನ ಮುಂದೆ ಎಂಟು ಸೊನ್ನೆ, ಹಾಲುಹಲ್ಲಿನ ಹಾಗೆ ಹೊಳೆಯುತ್ತಿದ್ದವು.

ಬಾಕಿಯಿದ್ದವುಗಳಲ್ಲಿ ಹಲ್ಲು ಬಿದ್ದ ಸಾಲಿನ ಮೊದಲ ಕಾರ್ಡು ತೂರಿಸುವಾಗ ಪಾಳಿ ಬದಲಾಗುವ ಹೊತ್ತು. ಕೋಣೆಯ ತುಂಬ ಜನ. ಏನೋ ನಡೆಯುತ್ತಿದೆ ಎಂದು ಎಲ್ಲರೂ ಅರೆಬರೆ ಕೋಟಿನಲ್ಲಿ ನಿಂತರು. ಮಗಳು ಸೊನ್ನೆ ಒತ್ತಿದಳು, ಉಳಿದ ಏಳು ಒತ್ತಿದಳು. ಯಂತ್ರದ ಕೆಂಪು ದೀಪ ಒಂದು ಕ್ಷಣ ಯೋಚಿಸಿತು. ಹಸಿರಾಯಿತು.

"ತೆಗೀತಾ?" ಎಂದ ಸೊನ್ನೇಳಣ್ಣ.

"ತೆಗೀತು."

"ನೋಡಿದ್ರಾ, ನನ್ನ ಜಾತಿಯವರಿಗೆ ಬೆಲೆ ಬಂತು!" ಎಂದು ಅವನು ತನ್ನ ಬಿಲ್ಲೆ ಎತ್ತಿ ಎಲ್ಲರಿಗೂ ತೋರಿಸಿದ. ಬಿಲ್ಲೆಯಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮೊಳೆಗೆ ಹಾಕಿದಳು. "ಕುಣಿದದ್ದು ಸಾಕು. ಒಳಗೆ ನಡಿ, ನಿಂತಲ್ಲೇ ಪಾಳಿ ಮುಗಿಸ್ತೀಯಾ?"

ಇಪ್ಪತ್ತೂ ಕಾರ್ಡು ಬದುಕಿದವು. ಐವತ್ತೈದು ಆಯಿತು. ಬೇಕಾದ್ದಕ್ಕಿಂತ ಒಂದು ಹೆಚ್ಚು.

ಸೋಮವಾರ ತಪಾಸಣೆಯವರು ಬರುವ ಮೊದಲು ಏಳನೆಯ ಕೋಣೆಯ ಹಿಂದಿನ ಗೋಡೆಯಿಂದ ಒಮ್ಮೆ ಮಾತಾಡಿ ನೋಡಬೇಕಿತ್ತು. ಬೆಳಗಿನ ಪಾಳಿ ಇನ್ನೂ ಬಂದಿರಲಿಲ್ಲ. ಸೊನ್ನೇಳಣ್ಣ ಮಾತ್ರ ಇದ್ದ, ಮಧ್ಯಾಹ್ನದ ಪಾಳಿಯವನಾದರೂ ನೋಡುವ ಆಸೆಗೆ ಬೇಗ ಬಂದಿದ್ದ.

"ದೊಡ್ಡಮ್ಮ, ನೀನು ಹೋಗ್ತೀಯಾ? ಹಲಗೆ ನಾನು ನೋಡ್ಕೋತೀನಿ. ಹೆಚ್ಚಿನ ಕಾರ್ಡು ನಿಂದೇ."

ಬಿಲ್ಲೆಯಮ್ಮ ಮಗಳನ್ನೂ ಕುರ್ಚಿಯನ್ನೂ ಅಳೆಯುವವಳ ಹಾಗೆ ನೋಡಿದಳು. ಆಮೇಲೆ ಎದ್ದಳು. "ನಂಗೆ ಬಿಲ್ಲೆ ಇಲ್ಲವಲ್ಲ. ಬಿಲ್ಲೆ ಇಲ್ಲದೆ ನನ್ನಪ್ಪ ಬಂದ್ರೂ ಒಳಗೆ ಬಿಟ್ಟಿಲ್ಲ."

ಸೊನ್ನೇಳಣ್ಣ ಒಂದು ತಗಡು ಡಬ್ಬದ ಮುಚ್ಚಳವನ್ನು ಬಿಲ್ಲೆಯಂತೆ ಕತ್ತರಿಸಿ ತಂದು ಮೊಳೆ ಹಿಡಿದ. "ಏನು ಒತ್ತಲಿ? ಬರೀ ಸೊನ್ನೆ ಒತ್ತಲಾ? ನಿಮಗೆ ಸರಿಹೋಗುತ್ತೆ."

"ಹಲಗೆ ಮೇಲೆ ತಮಾಷೆ ಬೇಡ. ಐವತ್ತೈದು ಒತ್ತು. ಫೋನಲ್ಲಿರೋದೂ ಅದೇ."

ಕೋಟು ಅವಳ ಮೊಣಕಾಲು ದಾಟುತ್ತಿತ್ತು. ಬಿಲ್ಲೆಯನ್ನು ಮಗಳ ಕೈಗೆ ಕೊಟ್ಟು, ಅವಳು ಅದನ್ನು ಮೊಳೆಗೆ ಹಾಕುವ ತನಕ ನಿಂತು ನೋಡಿ, ಆಮೇಲೆ ಬಾಗಿಲು ದಾಟಿದಳು. ಬಾಗಿಲ ಬಳಿ ಸೊನ್ನೇಳಣ್ಣ ಕಾವಲು ನಿಂತ. ಅವಳು ಹೆಜ್ಜೆ ಎಣಿಸುತ್ತ ಹೋದಳು. ಮೂವತ್ತಕ್ಕೆ ಮೂಗಿನ ಕೂದಲು ಸೆಟೆದವು. ಅರವತ್ತಕ್ಕೆ ತನ್ನ ಹೆಜ್ಜೆಯ ಸದ್ದು ಬಿಟ್ಟು ಬೇರೆ ಯಾವ ಸದ್ದೂ ಇರಲಿಲ್ಲ. ಅವಳ ಎಣಿಕೆಯಲ್ಲಿ ಗೋಡೆ ನೂರ ಹದಿನಾಲ್ಕಕ್ಕೆ ಸಿಕ್ಕಿತು. ಗಂಡಸರ ಹೆಜ್ಜೆಗೆ ತೊಂಬತ್ತು. ಅಲ್ಲಿ ನಿಂತು ಕೈಗವಸಿನ ಹೆಬ್ಬೆರಳಿನಿಂದ ದೊಡ್ಡ ಗುಂಡಿ ಒತ್ತಿದಳು.

ಕೋಟಿನ ಕೋಣೆಯ ಮೇಜಿನ ಮೇಲೆ ಫೋನು ಬಡಿದುಕೊಂಡಿತು.

"ದೊಡ್ಡಮ್ಮ! ಕೇಳಿಸ್ತಿದೆಯಾ?"

"ನೀನು ಕೂಗದಿದ್ರೂ ಕೇಳುತ್ತೆ."

"ಹೇಗಿದೆ ಒಳಗೆ?"

ಬಿಲ್ಲೆಯಮ್ಮ ಸುತ್ತ ನೋಡಿದಳು. ಬಾಯಿಂದ ಹೊರಟ ಉಸಿರು ಹೊಗೆಯಾಗಿ, ದೀಪದ ಕೆಳಗೆ ಸಣ್ಣ ಸಣ್ಣ ಕಿಡಿಗಳಾಗಿ ಮಿನುಗುತ್ತ, ನಿಧಾನವಾಗಿ ಅವಳ ತೋಳಿನ ಮೇಲೇ ಬಂದು ಕೂರುತ್ತಿತ್ತು. ಇದನ್ನು ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ಹೇಳಿರಲಿಲ್ಲ.

"ಎಲ್ಲರೂ ಸುಳ್ಳು ಹೇಳ್ತಿದ್ರು ಕಣೇ. ಬಂದು ಹೇಳ್ತೀನಿ. ನೀನು ಹಲಗೆ ನೋಡ್ತಿದೀಯಾ?"

"ನೋಡ್ತಿದೀನಿ."

"ಎಷ್ಟಿದೆ ಬಿಲ್ಲೆ?"

"ಒಂದು. ಐವತ್ತೈದು."

"ಸರಿ ಹಾಗಾದ್ರೆ. ಇನ್ನೊಂದು ಗಳಿಗೆ ಇದ್ದು ಬರ್ತೀನಿ" ಎಂದಳು ಬಿಲ್ಲೆಯಮ್ಮ.